ಐಸ್ ಆಗಿರೋ ಕೆರೆ ಮೇಲೆ ಗಾಳ ಹಾಕೋಕೆ ಹೋಗ್ತಿದೀವಿ, ಗೊತ್ತಿರೋರು ಹೇಳಿ (ಮಿನೆಸೋಟ, ಜನವರಿ)

ವಿಸಿ_ನಾಲೆ_ಹುಡ್ಗ:

ಎಲ್ರಿಗೂ ನಮಸ್ಕಾರ. ನಾನು ಮಂಡ್ಯ ಕಡೆಯವ್ನು, ಕೆಲ್ಸ ಮೈಸೂರಲ್ಲಿ. ಕಂಪ್ನಿಯಿಂದ ಜನವರಿಗೆ ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ಗೆ ಕಳಿಸ್ತಾವ್ರೆ, ಮೂರು ತಿಂಗಳು. ನನ್ನ ಇಂಜಿನಿಯರಿಂಗ್ ಫ್ರೆಂಡ್ಸ್ ಕೆಲವ್ರು ಅಲ್ಲೇ ಸೆಟ್ಲ್ ಆಗವ್ರೆ, ಎಲ್ಲಾ ಮದ್ದೂರು ಮಳವಳ್ಳಿ ಕಡೆಯ ಹುಡುಗ್ರು. ನೀನು ಬಂದ್ ತಕ್ಷಣ ಐಸ್ ಫಿಶಿಂಗ್‌ಗೆ ಹೋಗ್ಲೇಬೇಕು, ಕೆರೆ ಪೂರ್ತಿ ಗಟ್ಟಿ ಆಗಿರ್ತದೆ, ತೂತು ಕೊರ್ದು ಗಾಳ ಬುಡೋದು, ಸಿಕ್ಕಿದ್ ಮೀನ್ನ ಅಲ್ಲೇ ಬೇಯ್ಸಿ ಎಲ್ಲಾ ಕೂತ್ಕೊಂಡು ತಿನ್ನೋದು ಅಂತವ್ರೆ. ನಂಗೆ ಚಿಕ್ ವಯಸ್ಸಿಂದ ನಾಲೆ ಮೇಲೆ, ಊರ್ ಕೆರೆಲಿ ಗಾಳ ಹಾಕಿ ಅಭ್ಯಾಸ ಐತೆ, ಎರೆಹುಳ, ಬೆಂಡು ಅಷ್ಟೇ ಗೊತ್ತಿರೋದು. ಆದ್ರೆ ನೀರಿನ್ ಮೇಲೆ ನಿಂತ್ಕೊಂಡು ಮೀನು ಹಿಡಿಯೋದು ಅಂದ್ರೆ ನಿಜವಾಗ್ಲೂ ಭಯ ಆಯ್ತದೆ, ಅಮ್ಮಂಗೆ ಇನ್ನೂ ಹೇಳಿಲ್ಲ.

ಹೋಗಿ ಬಂದಿರೋರು ಇದ್ರೆ ಹೇಳಿ. ಐಸ್ ಎಷ್ಟು ದಪ್ಪ ಇದ್ರೆ ನಂಬ್ಬೋದು? ಇಲ್ಲಿಂದ ಏನ್ ತಗೊಂಡ್ ಹೋಗ್ಲಿ? ರಾಗಿ ಹಿಟ್ಟು ಕಲ್ಸಿ ಗಾಳಕ್ಕೆ ಹಾಕಿದ್ರೆ ಅಲ್ಲಿನ ಮೀನು ಕಚ್ತವಾ? ಆಮೇಲೆ ಆ ಮೀನು ನಮ್ ಕಡೆ ಸಾರಿಗೆ ಹೊಂದ್ಕೊತದಾ, ಇದು ಎಲ್ಲಕ್ಕಿಂತ ಮುಖ್ಯ.

ಒಂಟಿಕೊಪ್ಪಲ್_ಟು_ಸೇಂಟ್‌ಪಾಲ್:

ಬನ್ನಿ ಬನ್ನಿ, ಒಳ್ಳೆ ಟೈಮಿಗೇ ಬರ್ತಿದೀರ. ನಾನು ಮೈಸೂರಿನವನು, ಇಲ್ಲಿಗೆ ಬಂದು ಬಹಳ ವರ್ಷ ಆಯ್ತು, ಪ್ರತಿ ಚಳಿಗಾಲ ಹೋಗ್ತೀನಿ. ಭಯ ಆಗ್ತಿದೆ ಅಂದ್ರಲ್ಲ, ಆ ಭಯ ಇಟ್ಕೊಂಡೇ ಬನ್ನಿ. ಐಸ್ ಮೇಲೆ ಧೈರ್ಯ ಜಾಸ್ತಿ ಇರೋರ ಜೊತೆ ನಾನು ಹೋಗಲ್ಲ.

ದಪ್ಪದ ವಿಷಯ ಮೊದಲು. ಮಿನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳೋದು, ಹೊಸದಾಗಿ ಕಟ್ಟಿರೋ ತಿಳಿ ಐಸ್ ಕನಿಷ್ಠ 4 ಇಂಚು ಇದ್ರೆ ಮಾತ್ರ ಕಾಲಿಡಿ ಅಂತ. ಹಿಮದ ಮೇಲೆ ಓಡೋ ಸ್ನೋಮೊಬೈಲ್ ಗಾಡಿಗೆ 5ರಿಂದ 7 ಇಂಚು ಬೇಕು, ಕಾರು ಟ್ರಕ್ಕು ಅಂದ್ರೆ ಇನ್ನೂ ಜಾಸ್ತಿ. ಇದೆಲ್ಲಾ ತಿಳಿಯಾಗಿ, ಸ್ವಲ್ಪ ನೀಲಿ ಬಣ್ಣ ಕಾಣೋ ಐಸ್‌ಗೆ. ಹಿಮ ಬಿದ್ದು ನೆನೆದು ಮತ್ತೆ ಗಟ್ಟಿಯಾದ ಬೆಳ್ಳಗಿನ ಐಸ್ ಇರುತ್ತಲ್ಲ, ಅದಕ್ಕೆ ಶಕ್ತಿ ಅರ್ಧಾನೇ, ಅಲ್ಲಿ ಎಲ್ಲಾ ಲೆಕ್ಕ ಎರಡರಷ್ಟು ಮಾಡ್ಕೋಬೇಕು. ಮತ್ತೆ ಒಂದೇ ಕೆರೆಲಿ ದಡದ ಹತ್ರ 10 ಇಂಚು ಇದ್ದು ಸ್ವಲ್ಪ ಮುಂದೆ 3 ಇಂಚು ಇರೋದು ಮಾಮೂಲಿ. ತೊರೆ ಬಂದು ಸೇರೋ ಕಡೆ, ಸೇತುವೆ ಕೆಳಗೆ, ತಳದಲ್ಲಿ ಊಟೆ ಇರೋ ಕಡೆ ಐಸ್ ತೆಳು. ಅದಕ್ಕೇ ಉದ್ದನೆ ಕಬ್ಬಿಣದ ಹಾರೆ ಹಿಡ್ಕೊಂಡು ಮುಂದೆ ಕುಟ್ಕೋತಾ ಕುಟ್ಕೋತಾ ನಡೀತೀವಿ, ಸ್ವಲ್ಪ ದೂರಕ್ಕೊಂದು ಸಲ ಕೊರೆದು ಟೇಪ್ ಹಾಕಿ ಅಳೀತೀವಿ. ನಿಮ್ಮ ಫ್ರೆಂಡ್ಸು ಇದನ್ನ ಮಾಡ್ತಿಲ್ಲ, ಬೇರೆಯವರ ಕಾರು ನಿಂತಿದೆಯಲ್ಲ ಸಾಕು ಅಂದ್ರೆ, ನೀವು ದಡದಲ್ಲೇ ನಿಂತ್ಕೊಳ್ಳಿ, ಮುಲಾಜಿಗೆ ಬೀಳ್ಬೇಡಿ.

ಕುತ್ತಿಗೆಗೆ ಐಸ್ ಪಿಕ್ಸ್ ನೇತು ಹಾಕ್ಕೊಬೇಕು, ಎರಡು ಹಿಡಿ, ತುದೀಲಿ ಚೂಪು ಮೊಳೆ. ಬಿದ್ದುಬಿಟ್ರೆ ಬಂದ ದಿಕ್ಕಿಗೇ ತಿರುಗಬೇಕು, ಯಾಕಂದ್ರೆ ಅಲ್ಲೀವರೆಗೂ ಐಸ್ ನಿಮ್ಮನ್ನ ತಡ್ಕೊಂಡಿತ್ತು. ಮೊಳೆ ಊರಿ, ಕಾಲು ಜೋರಾಗಿ ಬಡೀತಾ ಹೊಟ್ಟೆ ಮೇಲೆ ಜಾರ್ಕೊಂಡು ಮೇಲೆ ಬಂದು, ಎದ್ದು ನಿಲ್ದೆ ಉರುಳ್ಕೊಂಡೇ ದೂರ ಬರಬೇಕು. ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ತಗೊಳೋಕೆ, ಆಮೇಲೆ ಸುಮಾರು 10 ನಿಮಿಷ ಕೈಕಾಲು ನಿಮ್ಮ ಮಾತು ಕೇಳುತ್ತೆ, ಪ್ರಜ್ಞೆ ತಪ್ಪೋಕೆ ಸುಮಾರು 1 ಗಂಟೆ ಅಂತ ಇಲ್ಲಿ ಹೇಳಿಕೊಡ್ತಾರೆ. ಅಷ್ಟು ಟೈಮ್ ಇದೆ ಅನ್ನೋದು ಗೊತ್ತಿದ್ರೆ ಗಾಬರಿ ಅರ್ಧ ಕಮ್ಮಿ ಆಗುತ್ತೆ. ಒಬ್ಬರೇ ಹೋಗಲೇಬೇಡಿ.

ಇನ್ನು ಮೀನು. ರಾಗಿ ಹಿಟ್ಟು ಇಲ್ಲಿ ನಡೆಯಲ್ಲ. ಇಲ್ಲಿ ಎಲ್ಲರೂ ಹುಡುಕೋದು ವಾಲೈ ಅನ್ನೋ ಮೀನು, ಅದು ಬೇಟೆ ಮೀನು, ಚಿಕ್ಕ ಮೀನು ತಿಂದೇ ಬದುಕೋದು, ಹಿಟ್ಟಿನ ಕಡೆ ತಿರುಗೂ ನೋಡಲ್ಲ. ಅದಕ್ಕೆ ಮಿನ್ನೊ ಅಂತ ಜೀವಂತ ಸಣ್ಣ ಮೀನು ಅಂಗಡೀಲೇ ಸಿಗುತ್ತೆ. ಪರ್ಚ್, ಕ್ರಾಪಿ, ಸನ್‌ಫಿಶ್‌ಗೆ ಮೇಣದ ಹುಳ ಸಾಕು. ಗಾಳದ ಕೋಲು ಎರಡು ಎರಡೂವರೆ ಅಡಿ ಅಷ್ಟೇ, ಕೂತ ಜಾಗದ ಕೆಳಗೇ ತೂತು ಇರುತ್ತಲ್ಲ, ಉದ್ದ ಯಾಕೆ. ವಾಲೈ ತಳದ ಹತ್ರ ಓಡಾಡುತ್ತೆ, ಅದಕ್ಕೆ ದಾರ ತಳ ಮುಟ್ಟಿಸಿ ಒಂದು ಅಡಿ ಎತ್ತಿ, ಕೋಲು ಮೆಲ್ಲಗೆ ಎತ್ತೋದು ಬಿಡೋದು ಮಾಡ್ತಿರ್ಬೇಕು. ಚಳಿಗೆ ಮೀನು ಮಂದ ಆಗಿರುತ್ತೆ, ನಮ್ಮ ಕಡೆ ಥರ ಬೆಂಡು ಗಬಕ್ ಅಂತ ಮುಳುಗಲ್ಲ, ಕೋಲಿನ ತುದಿ ಒಂದು ಕೂದಲಷ್ಟು ಬಾಗುತ್ತೆ, ಅಷ್ಟೇ, ಅದನ್ನ ನೋಡೋದ್ರಲ್ಲೇ ಮಜಾ ಇರೋದು. ಬೆಳಿಗ್ಗೆ ಬೆಳಕು ಹರಿಯೋ ಹೊತ್ತು, ಸಂಜೆ ಹೊತ್ತು ಮುಳುಗೋ ಟೈಮು ವಾಲೈಗೆ ಒಳ್ಳೇದು, ಮಧ್ಯಾಹ್ನ ಪರ್ಚ್ ಹಿಡೀಬಹುದು. ತೂತಿನ ಮೇಲೆ ಆಗಾಗ ತೆಳ್ಳಗೆ ಐಸ್ ಕಟ್ತಾ ಇರುತ್ತೆ, ಬೋಂಡ ಎತ್ತೋ ಜಾಲರಿ ಥರದ್ದೇ ಒಂದು ಸೌಟಲ್ಲಿ ತೆಗೀತಾ ಇರ್ಬೇಕು.

ಲೈಸೆನ್ಸ್ ಮರೀಬೇಡಿ. 16 ವರ್ಷ ಮೇಲ್ಪಟ್ಟೋರಿಗೆಲ್ಲ ಬೇಕು, ಹೊರಗಿನೋರಿಗೆ 24 ಗಂಟೆ, 72 ಗಂಟೆ, 7 ದಿನದ್ದು ಅಂತ ಆನ್‌ಲೈನಲ್ಲೇ ಸಿಗುತ್ತೆ. ಐಸ್ ಮೇಲೆ ಒಬ್ಬರಿಗೆ ಎರಡು ಗಾಳ ಬಿಡ್ತಾರೆ, ಬೇಸಿಗೇಲಿ ಒಂದೇ. ವಾಲೈ ಸೀಸನ್ ಒಳನಾಡಿನ ಕೆರೆಗಳಲ್ಲಿ ಫೆಬ್ರವರಿ ಕೊನೆಗೆ ಮುಗಿಯುತ್ತೆ, ಅದಕ್ಕೆ ಮುಂದಕ್ಕೆ ಹಾಕ್ಬೇಡಿ.

ಹಿನ್ನೀರು_ಗಾಳ:

ತಮ್ಮಾ ಓಗ್ಬುಟ್ ಬಾ, ಇಂಥ ಚಾನ್ಸ್ ಬಿಡ್ಬೇಡ. ನಾನು ಕೆಆರ್‌ಎಸ್ ಹಿನ್ನೀರಲ್ಲಿ ಗಾಳ ಹಾಕೋನು. ಧನುರ್ಮಾಸದಲ್ಲಿ ನಮ್ ಕಟ್ಲ ರೋಹುನೇ ಬೆಳಿಗ್ಗೆ ಹೊತ್ತು ಬಾಯ್ ಬುಡಕಿಲ್ಲ, ಬಿಸಿಲು ಏರಿ ನೀರು ಬೆಚ್ಚಗಾಗ್ಬೇಕು, ಇನ್ನ ಆ ಚಳೀಲಿ ಮೀನು ಕಚ್ತದೆ ಅಂದ್ರೆ ಕೇಳೋಕೇ ಖುಷಿ ಆಯ್ತದೆ.

ರಾಗಿ ಬಗ್ಗೆ ಕೇಳ್ದಲ್ಲ, ರಾಗಿ ನಮ್ ಕಾವೇರಿ ಬಿಳಿಮೀನಿಗೇ ಸರಿ, ಮಹಶೀರ್ ಅಂತಾರಲ್ಲ ಅದು. ಬೇಯ್ಸಿದ ರಾಗಿ ಮುದ್ದೆನ ನಿಂಬೆಹಣ್ ಗಾತ್ರ ಉಂಡೆ ಮಾಡಿ ಗಾಳಕ್ಕೆ ಮೆತ್ತೋರು, ಅದಕ್ಕೇ ಭೀಮೇಶ್ವರಿ ಕಡೆ ದೇಶ ವಿದೇಶದಿಂದ ಜನ ಬಂದು ಕೂರೋರು. ನಮ್ ಮೈಸೂರಿನ ವ್ಯಾನ್ ಇಂಗೆನ್ ಮನೆತನದೋರು ಕಬಿನೀಲಿ 1946ರಲ್ಲಿ 120 ಪೌಂಡ್ ಬಿಳಿಮೀನು ಹಿಡ್ದಿದ್ರು, ಇವತ್ತಿಗೂ ಅದನ್ನೇ ದಾಖಲೆ ಅಂತಾರೆ. ಈಗ ಆ ಡುಬ್ಬದ ಬಿಳಿಮೀನು, ಕಾವೇರಿ ಬಿಟ್ರೆ ಬೇರೆಲ್ಲೂ ಇಲ್ದಿರೋದು, 2018ರಲ್ಲಿ ಅಳಿವಿನಂಚಿನ ಪಟ್ಟೀಲಿ ಕೊನೇ ಹಂತಕ್ಕೆ ಹಾಕವ್ರೆ. ಮದ್ದು ಸಿಡ್ಸಿ ಮೀನು ಹಿಡಿಯೋ ಪಾಪಿಗಳು ಮಡುವಿಗೆ ಮಡುವನ್ನೇ ಖಾಲಿ ಮಾಡ್ಬುಟ್ರು, ದೊಡ್ಡದು ಚಿಕ್ಕದು ಮೊಟ್ಟೆ ಮರಿ ಎಲ್ಲಾ ಹೋಯ್ತು, ಇದನ್ನ ಬರೆಯೋವಾಗ್ಲೂ ಹೊಟ್ಟೆ ಉರೀತದೆ. ಆ ಮಿನೆಸೋಟದಲ್ಲಿ ಸ್ಕೇಲ್ ಇಟ್ಟು ಅಳ್ದು ವಾಪಸ್ ಬುಡ್ತಾರಂತೆ, ಇಷ್ಟೇ ಮೀನು ಮನೇಗೆ ಅಂತ ಲೆಕ್ಕ ಐತಂತೆ. ಅದನ್ನ ಕಣ್ಣಾರೆ ನೋಡ್ಕೊಂಡ್ ಬಂದು ನಮ್ ಹುಡುಗ್ರಿಗೆ ಹೇಳು, ಅದು ನಂಗೆ ಬೇಕು.

ಸರಸ್ವತಿಪುರಂ_ಮೇಷ್ಟ್ರು:

ಕೆರೆ ಪೂರ್ತಿ ಗಟ್ಟಿ ಆಗಿರುತ್ತೆ ಅಂತ ಫ್ರೆಂಡ್ಸ್ ಹೇಳಿದ್ದು ಸರಿಯಲ್ಲ ಕಣಪ್ಪ, ಮೇಲಿನ ಪದರ ಮಾತ್ರ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಹೆಚ್ಚು ಸಾಂದ್ರ. ಚಳಿ ಶುರುವಾದಾಗ ಮೇಲಿನ ನೀರು ತಣ್ಣಗಾಗಿ ಭಾರ ಆಗಿ ಕೆಳಗಿಳಿಯುತ್ತೆ, ಇಡೀ ಕೆರೆ 4 ಡಿಗ್ರಿಗೆ ಬರೋವರೆಗೂ ಹೀಗೇ ನಡೆಯುತ್ತೆ, ಅದಕ್ಕಿಂತ ತಣ್ಣಗಾದ ನೀರು ಹಗುರ ಆಗೋದ್ರಿಂದ ಮೇಲೇ ಉಳ್ಕೊಂಡು ಅಲ್ಲೇ ಹೆಪ್ಪುಗಟ್ಟುತ್ತೆ. ಐಸ್ ನೀರಿಗಿಂತ ಹಗುರ ಅಲ್ವಾ, ತೇಲುತ್ತೆ, ಕೆಳಗಿನ ನೀರಿಗೆ ಹೊದಿಕೆ ಆಗುತ್ತೆ. ಹೊರಗೆ ಮೈನಸ್ 20 ಇದ್ರೂ ತಳದಲ್ಲಿ ಸುಮಾರು 4 ಡಿಗ್ರಿ ಇರೋದು ಇದರಿಂದಲೇ, ಮೀನು ಬದುಕಿರೋದೂ ಇದರಿಂದಲೇ. ತರಗತೀಲಿ ಇದನ್ನ ಬೋರ್ಡ್ ಮೇಲೆ ಎಷ್ಟು ಬರೆದ್ರೂ ನಮ್ಮ ಮಕ್ಕಳಿಗೆ ನಂಬಿಕೆ ಬರಲ್ಲ, ನೀನು ಆ ತೂತಿಂದ ಒಂದು ವಿಡಿಯೋ ತೆಗೆದು ಕಳ್ಸು, ದಯವಿಟ್ಟು, ತೂತಿನ ಒಳಗೆ ಥರ್ಮಾಮೀಟರ್ ಬಿಟ್ಟು ತೆಗೆದ್ರೆ ಇನ್ನೂ ಒಳ್ಳೇದು.

ಇನ್ನೊಂದು, ಹಿಮ ದಪ್ಪಗೆ ಬಿದ್ದ ಕೆರೆಗಳಲ್ಲಿ ಬೆಳಕು ಒಳಗೆ ಹೋಗಲ್ಲ, ಸಸ್ಯಗಳು ಆಮ್ಲಜನಕ ಮಾಡಲ್ಲ, ಆಳ ಕಮ್ಮಿ ಇದ್ರೆ ಮೀನು ಉಸಿರುಕಟ್ಟಿ ಸಾಯೋದೂ ಉಂಟು. ಹಿಮದ ಕೆಳಗೆ ಐಸ್ ದಪ್ಪ ಆಗೋದೂ ನಿಧಾನ. ಹಾಗಾಗಿ ಹಿಮ ಜಾಸ್ತಿ ಇದೆ, ಐಸೂ ಗಟ್ಟಿ ಇರುತ್ತೆ ಅಂತ ಅಂದ್ಕೋಬೇಡ.

ಪಟ್ಟಣದ_ಅಕ್ಕ:

ಸಾರಿನ ವಿಷಯಕ್ಕೆ ಯಾರೂ ಬರ್ಲೇ ಇಲ್ವಲ್ಲ. ನಾನು ಶ್ರೀರಂಗಪಟ್ಟಣದವಳು, ಮಗನ ಮನೇಗೆ ಮಿನೆಸೋಟಕ್ಕೆ ಹೋದಾಗೆಲ್ಲ ಅವನು ಸ್ನೇಹಿತರ ಜೊತೆ ಹೋಗಿ ಮೀನು ತರ್ತಾನೆ, ಮಾಡೋಳು ನಾನು. ಅದಕ್ಕೇ ಹೇಳ್ತೀನಿ ಕೇಳಪ್ಪ.

ವಾಲೈ ಬೆಳ್ಳಗೆ, ಮೆತ್ತಗೆ, ಮುಳ್ಳು ಬಹಳ ಕಮ್ಮಿ, ವಾಸನೆ ಇಲ್ಲ. ನಮ್ಮ ಕಟ್ಲ ಥರ ಸಾರಲ್ಲಿ ಕುದ್ದು ಕುದ್ದು ನಿಲ್ಲೋ ಮೀನಲ್ಲ ಅದು, ಪುಡಿ ಪುಡಿ ಆಗೋಗುತ್ತೆ. ಅದಕ್ಕೆ ಸಾರನ್ನ ಮೊದಲೇ ಪೂರ್ತಿ ಮಾಡಿ ಮುಗಿಸ್ಬೇಕು. ಈರುಳ್ಳಿ ಬೆಳ್ಳುಳ್ಳಿ ಟೊಮೇಟೊ ಹುರಿದು, ತೆಂಗಿನಕಾಯಿ, ಮನೆ ಸಾರಿನ ಪುಡಿ ಹಾಕಿ ನುಣ್ಣಗೆ ರುಬ್ಬಿ, ಹುಣಸೆ ಹುಳಿ ಬಿಟ್ಟು, ಚಿಟಿಕೆ ಮೆಂತ್ಯ ಹಾಕಿ ಎಣ್ಣೆ ಬಿಡೋ ತನಕ ಕುದಿಸು, ಹಸಿ ವಾಸನೆ ಪೂರ್ತಿ ಹೋಗಬೇಕು. ಆಮೇಲೆ ಉರಿ ಸಣ್ಣ ಮಾಡಿ ತುಂಡು ಒಂದೊಂದಾಗಿ ಬಿಡು, ಬಣ್ಣ ತಿರುಗಿದ ತಕ್ಷಣ ಒಲೆ ಆರಿಸು. ಸೌಟು ಹಾಕ್ಬೇಡ, ಪಾತ್ರೆನೇ ಹಿಡಿದು ಅಲ್ಲಾಡಿಸು. ತಲೆ, ನಡುಮುಳ್ಳು ಬಿಸಾಡೋ ಪದ್ಧತಿ ಅಲ್ಲಿ, ನೀನು ಬಿಸಾಡೋಕೆ ಬಿಡ್ಬೇಡ, ಅದನ್ನ ಮೊದಲೇ ಸಾರಲ್ಲಿ ಕುದಿಸಿ ತೆಗೆದ್ರೆ ರುಚಿ ಎಲ್ಲಾ ಇಳಿದಿರುತ್ತೆ.

ಪೈಕ್ ಅಂತ ಉದ್ದ ಮೂತಿ ಮೀನು ಸಿಕ್ಕಿದ್ರೆ ಅದರಲ್ಲಿ ಕವಲು ಮುಳ್ಳು ಜಾಸ್ತಿ, ಅಲ್ಲಿಯವರು ಕೆಲವರು ಬೇಡ ಅಂತಾರೆ, ನಮಗೆ ಮುಳ್ಳು ಯಾವ ಲೆಕ್ಕ, ಸಾರಿಗೆ ಅದೇ ಚೆನ್ನಾಗಿ ನಿಲ್ಲುತ್ತೆ. ಪರ್ಚ್ ಚಿಕ್ಕದಾದ್ರೂ ತವಾ ಫ್ರೈಗೆ ಬಹಳ ಚೆಂದ, ಖಾರದ ಪುಡಿ ಅರಿಶಿನ ನಿಂಬೆಹುಳಿ ಸ್ವಲ್ಪ ಅಕ್ಕಿ ಹಿಟ್ಟು ಸಾಕು. ಸಾರಿನ ಪುಡಿ, ರಾಗಿ ಹಿಟ್ಟು ಪ್ಯಾಕೆಟ್ ಸೀಲ್ ಮಾಡಿಸ್ಕೊಂಡು ಹೋಗು, ಕಸ್ಟಮ್ಸಲ್ಲಿ ಕೇಳಿದ್ರೆ ಇದೆ ಅಂತ ಹೇಳ್ಬಿಡು. ಅಮ್ಮಂಗೂ ಹೇಳ್ಬಿಟ್ಟು ಹೋಗಪ್ಪ, ಪುಡಿ ಮಾಡೋದು ಅವರೇ ತಾನೆ.

ವಿಸಿ_ನಾಲೆ_ಹುಡ್ಗ:

ಅಕ್ಕ, ಓದ್ತಾ ಓದ್ತಾನೇ ಬಾಯಲ್ ನೀರು ಬಂತು. ಅಮ್ಮಂಗೆ ಇವತ್ತೇ ಹೇಳ್ದೆ, ಅರ್ಧ ಗಂಟೆ ಬೈದು ಆಮೇಲೆ ಧನಿಯಾ ಎಷ್ಟು ಕೇಜಿ ತರ್ಲಿ ಅಂತ ಕೇಳ್ತಾವ್ರೆ. ಮೇಷ್ಟ್ರೆ, ಥರ್ಮಾಮೀಟರ್ ಖಂಡಿತ ತಗೊಂಡ್ ಓಯ್ತೀನಿ. ಹಿನ್ನೀರಣ್ಣ, ನೀವು ಹೇಳಿದ್ದು ಮನಸ್ಸಲ್ಲಿ ಐತೆ, ಫೋಟೊ ಸಮೇತ ತರ್ತೀನಿ.

ಒಂಟಿಕೊಪ್ಪಲ್ ಅಣ್ಣ, ಇನ್ನೆರಡು ಡೌಟು. ಫ್ರೆಂಡ್ಸ್ ಟೆಂಟ್ ಹಾಕಿ ಒಳಗೆ ಗ್ಯಾಸ್ ಹೀಟರ್ ಇಟ್ಕೊಂಡು ಅಲ್ಲೇ ಅಡಿಗೆ ಮಾಡ್ತೀವಿ ಅಂತವ್ರೆ, ಪರವಾಗಿಲ್ವಾ? ಮತ್ತೆ ಚಳಿಗೆ ಒಂದೆರಡು ಪೆಗ್ ಹಾಕುದ್ರೆ ಮೈ ಬೆಚ್ಚಗಾಯ್ತದೆ ಅಂತಾರಲ್ಲ, ನಿಜನಾ?

ಒಂಟಿಕೊಪ್ಪಲ್_ಟು_ಸೇಂಟ್‌ಪಾಲ್:

ಟೆಂಟ್ ಒಳಗೆ ಅಡಿಗೆ ಎಲ್ಲರೂ ಮಾಡ್ತಾರೆ, ನಾವೂ ಮಾಡ್ತೀವಿ. ಆದ್ರೆ ಗಾಳಿ ಕಿಂಡಿ ಮುಚ್ಚಬಾರ್ದು, ಎಷ್ಟೇ ಚಳಿ ಇರ್ಲಿ. ಗ್ಯಾಸ್ ಉರಿದು ಕಾರ್ಬನ್ ಮಾನಾಕ್ಸೈಡ್ ತುಂಬ್ಕೊಂಡ್ರೆ ವಾಸನೆ ಇಲ್ಲ, ಬಣ್ಣ ಇಲ್ಲ, ತಲೆನೋವು, ನಿದ್ದೆ ಥರ ಬಂದು ಹಾಗೇ ಹೋಗ್ಬಿಡ್ತಾರೆ, ಇಲ್ಲಿ ಆಗಿದೆ. ಬ್ಯಾಟರಿ ಅಲಾರಂ ಒಂದು ಸಿಗುತ್ತೆ, ಅದನ್ನ ಟೆಂಟಲ್ಲಿ ನೇತು ಹಾಕಿ ಆಮೇಲೆ ಹೀಟರ್ ಹಚ್ಚಿ. ಯಾರಿಗಾದ್ರೂ ತಲೆ ಸುತ್ತು ಅಂದ್ರೆ ಎಲ್ಲಾ ಆಚೆ.

ಪೆಗ್ ವಿಷಯ ತಪ್ಪು. ಕುಡಿದ್ರೆ ಚರ್ಮದ ರಕ್ತನಾಳ ಅಗಲ ಆಗಿ ಬೆಚ್ಚಗಾದ ಹಾಗೆ ಅನ್ಸುತ್ತೆ, ನಿಜಕ್ಕೂ ಒಳಗಿನ ಶಾಖ ಆಚೆ ಹೋಗ್ತಿರುತ್ತೆ. ಮನೆಗೆ ಬಂದು ಬೆಚ್ಚಗೆ ಕೂತು ಏನ್ ಬೇಕಾದ್ರೂ ಮಾಡಿ, ಐಸ್ ಮೇಲೆ ಬಿಸಿ ಕಾಫಿ, ಫ್ಲಾಸ್ಕಲ್ಲಿ ಸಾರು.

ಬಟ್ಟೆ ಮೈಸೂರಲ್ಲಿ ತಗೋಬೇಡಿ, ದುಡ್ಡು ದಂಡ, ಇಲ್ಲೇ ಬಂದು ತಗೊಳ್ಳಿ. ಮೈಗೆ ಹತ್ತಿ ಬನಿಯನ್ ಬೇಡ, ಬೆವರು ಹೀರ್ಕೊಂಡು ಒದ್ದೆಯಾದ್ರೆ ಅದೇ ಚಳಿ, ಉಣ್ಣೇದು ಹಾಕಿ. ಬೂಟು ಒಂದು ಸೈಜ್ ದೊಡ್ಡದಿರ್ಲಿ, ಎರಡು ಕಾಲುಚೀಲ ಹಾಕಿದಾಗ ಬಿಗಿ ಆದ್ರೆ ರಕ್ತ ಓಡಲ್ಲ, ಬೆರಳು ಮೊದಲು ಹೋಗುತ್ತೆ. ರಾತ್ರಿ ಕೂತಿದ್ರೆ ಕೆರೆ ಉದ್ದಕ್ಕೂ ಧಡ್ ಅಂತ ಗುಡುಗೋ ಸದ್ದು ಬರುತ್ತೆ, ಓಡ್ಬೇಡಿ, ಚಳಿ ಏರ್ತಾ ಇಳೀತಾ ಐಸ್ ಹಿಗ್ಗಿ ಕುಗ್ಗಿ ಬಿರುಕು ಬಿಡೋದು ಅದು, ದಪ್ಪ ಐಸಲ್ಲೂ ಬರುತ್ತೆ.

ಬರೋ ತಾರೀಖು ಫಿಕ್ಸ್ ಆದ್ಮೇಲೆ ಮೆಸೇಜ್ ಹಾಕಿ. ನನ್ನ ಹತ್ರ ಕೊರೆಯೋ ಮೆಷಿನ್ನು, ಹಾರೆ, ಹೆಚ್ಚಿಗೆ ಪಿಕ್ಸ್ ಎಲ್ಲಾ ಇದೆ. ನೀವು ಅಮ್ಮನ ಸಾರಿನ ಪುಡಿ ತನ್ನಿ, ಅರ್ಧ ಕೇಜಿಗೆ ಕಮ್ಮಿ ಬೇಡ.

ಪಟ್ಟಣದ_ಅಕ್ಕ:

ಪುಡಿ ಒಂದು ಕೇಜಿನೇ ತಗೊಂಡು ಹೋಗಪ್ಪ, ನನ್ನ ಮಗನ ಮನೇಲೂ ಮುಗಿದಿದೆಯಂತೆ. ಮತ್ತೆ ಸಾರು ಎಲ್ಲಾ ಒಂದೇ ರಾತ್ರಿ ಖಾಲಿ ಮಾಡ್ಬೇಡಿ, ಮಾರನೇ ದಿನಕ್ಕೆ ಹುಳಿ ಖಾರ ಮೀನಿಗೆ ಹಿಡಿದಿರುತ್ತೆ, ಬೆಳಿಗ್ಗೆ ಬಿಸಿ ಮುದ್ದೆಗೆ ಸ್ವಲ್ಪ ಎತ್ತಿಟ್ಕೊಳ್ಳಿ.