ಪ್ರೋಟೋಬಫ್ (ಡೇಟಾ ಪ್ಯಾಕ್ ಮಾಡಿ ಕಳ್ಸೋ ಲೈಬ್ರರಿ): ಕೋಡ್ ಮುಟ್ಟೇ ಇಲ್ಲ, ಇಂಪೋರ್ಟ್ ಆಗ್ತಿಲ್ಲ

ಕುವೆಂಪುನಗರ_ಹುಡ್ಗ: ಗುರೂ, ಹೊಸ ಲ್ಯಾಪ್‌ಟಾಪಲ್ಲಿ ಪಿಪ್ ಇನ್‌ಸ್ಟಾಲ್ ಹೊಡೆದೆ ಅಷ್ಟೇ, ಈಗ ಜನರೇಟ್ ಆಗಿರೋ ಪಿಬಿ2 ಫೈಲ್ (ಪ್ರೋಟೋಬಫ್ ಟೂಲ್ ತಾನೇ ಬರೆದುಕೊಡೋ ಪೈಥಾನ್ ಕೋಡ್) ಇಂಪೋರ್ಟ್ ಮಾಡಿದ್ರೆ 'ಡಿಸ್ಕ್ರಿಪ್ಟರ್ಸ್ ಕೆನಾಟ್ ಬಿ ಕ್ರಿಯೇಟೆಡ್ ಡೈರೆಕ್ಟ್ಲಿ' ಅಂತ ಬೈತಿದೆ, ಹಳೇ ಮಷಿನಲ್ಲಿ ಆರಾಮಾಗಿ ಓಡ್ತಿದೆ.

ಮಂಡ್ಯ_ಗೌಡ: ಆ ಫೈಲ್ ಬರೆದ ಕಂಪೈಲರ್, ಅಂದ್ರೆ ಪ್ರೋಟೋಸಿ, ವರ್ಷನ್ ಎಷ್ಟಪ್ಪ?

ಕುವೆಂಪುನಗರ_ಹುಡ್ಗ: 3.6.1, ಉಬುಂಟು 20.04 ಜೊತೆ ಬರೋ ಎಪಿಟಿ ಪ್ಯಾಕೇಜ್‌ದು.

ಮಂಡ್ಯ_ಗೌಡ: ಅಲ್ಲೇ ಇರೋದು. 2022ರಲ್ಲಿ ಪೈಥಾನ್ ಪ್ರೋಟೋಬಫ್ 4.21 ಬಂತಲ್ಲ, ಆವತ್ತಿಂದ 3.19ಕ್ಕಿಂತ ಹಳೇ ಪ್ರೋಟೋಸಿ ಬರೆದ ಫೈಲ್ ಒಪ್ಪಲ್ಲ. ಸದ್ಯಕ್ಕೆ ಪ್ರೋಟೋಬಫ್‌ನ 3.20ಕ್ಕೆ ಪಿನ್ ಮಾಡು, ಅಂದ್ರೆ ಅದೇ ವರ್ಷನ್ನಲ್ಲೇ ನಿಲ್ಸು. ಎನ್ವಿರಾನ್‌ಮೆಂಟ್ ವೇರಿಯಬಲ್ ಹಾಕಿ ಪ್ಯೂರ್ ಪೈಥಾನಲ್ಲೂ (ವೇಗದ ಸಿ ಕೋಡ್ ಬಿಟ್ಟು) ಓಡಿಸ್ಬೋದು, ಆದ್ರೆ ಕಬ್ಬಿನ ಗಾಡಿ ಹಿಂದೆ ಸಿಕ್ಕಾಕ್ಕೊಂಡಂಗಿರುತ್ತೆ ಸ್ಪೀಡು.

ಹೆಬ್ಬಾಳ್_ಡೆವ್: ಪಿನ್ ಮಾಡಿ ಮರೀಬೇಡಿ ಮಾರಾಯ್ರೆ. ಜಿಆರ್‌ಪಿಸಿಐಒ-ಟೂಲ್ಸ್ ಅನ್ನೋ ಪೈಥಾನ್ ಪ್ಯಾಕೇಜ್ ಹಾಕಿ, ಪ್ರೋಟೋಸಿ ಅದ್ರೊಳಗೇ ಬರುತ್ತೆ, ಅದ್ರಲ್ಲೇ ಮತ್ತೆ ಜನರೇಟ್ ಮಾಡಿ.

ಕುವೆಂಪುನಗರ_ಹುಡ್ಗ: ಆಯ್ತು ಗುರೂ, ಓಡ್ತು! ಹಳೇ ಮಷಿನಲ್ಲಿ ಪ್ರೋಟೋಬಫ್ 3.17 ಇತ್ತು ನೋಡಿ, ಅದಕ್ಕೇ ಅಲ್ಲಿ ತೊಂದ್ರೆ ಆಗಿರ್ಲಿಲ್ಲ.