ಬ್ಯೋಮಕೇಶ್ ಬಕ್ಷಿ ಮೊದಲ ಕಂತಿನ ಕ್ಯಾಸೆಟ್ಟಿಗೆ ಬೂಷ್ಟು

ಪ್ರಶ್ನೆ (ಬದಿಯಡ್ಕ): ಬ್ಯೋಮಕೇಶ್ ಬಕ್ಷಿ ಪತ್ತೇದಾರಿ ಧಾರಾವಾಹಿಯನ್ನು 1993ರಲ್ಲಿ ದೂರದರ್ಶನದಿಂದ ಇಳಿಸಿಟ್ಟ ವಿಎಚ್‌ಎಸ್ ಕ್ಯಾಸೆಟ್ ಇದು. ಸುರುಳಿಯ ಅಂಚಲ್ಲಿ ಬಿಳಿ ಪುಡಿ ಕಾಣ್ತದೆ. ವಿಸಿಆರಿಗೆ ಹಾಕಬಹುದಾ?

ಉತ್ತರ (ಮಂಜೇಶ್ವರ): ದಯವಿಟ್ಟು ಹಾಕಬೇಡಿ. ನಮ್ಮ ಮಳೆಗಾಲದ ಥಂಡಿಗೆ ಹಿಡಿಯುವ ಬೂಷ್ಟು ಅದು. ಅಂಟಿಕೊಂಡ ಸುತ್ತು ಬಿಚ್ಚುವಾಗ ಟೇಪ್ ಹರಿಯುತ್ತದೆ. ಪುಡಿ ವಿಸಿಆರಿನ ಹೆಡ್ಡಿನಲ್ಲಿ (ಟೇಪ್ ಓದುವ ಭಾಗ) ಕೂತು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಮೊದಲು ತೇವ ಹೀರುವ ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬದಲ್ಲಿ ಒಂದು ವಾರ ಒಣಗಲಿ. ಆಮೇಲೆ ಮಾಸ್ಕ್ ಹಾಕಿ, ಅಡಿಯ 5 ಸ್ಕ್ರೂ ಬಿಚ್ಚಿ, ಒಣ ಬಟ್ಟೆಯಲ್ಲಿ ಅಂಚು ಒರೆಸಿ, ಎರಡೂ ರೀಲನ್ನು ಬೇರೆ ಕ್ಯಾಸೆಟ್ಟಿನ ಶುದ್ಧ ಕವಚಕ್ಕೆ ಬದಲಿಸಿ.

ಉತ್ತರ (ಕುಂಬಳೆ): ಕಂಪ್ಯೂಟರಿಗೆ ಇಳಿಸುವಾಗ ಪಾಲ್ (ನಮ್ಮ ಟಿವಿಯ ಪದ್ಧತಿ), ಚಿತ್ರದ ಅಳತೆ 720×576, ಸೆಕೆಂಡಿಗೆ 25 ಫ್ರೇಮ್ ಇಡಿ. ಟೇಪಿನ ಶುರುವೇ ಹೆಚ್ಚು ಸವೆದಿರುತ್ತದೆ, ಆ ಭಾಗ ಎರಡು ಸಲ ಇಳಿಸಿ. ಮೊದಲ ಕಂತು ‘ಸತ್ಯಾನ್ವೇಷಿ’ಯಲ್ಲಿ ಪತ್ತೇದಾರ ಬ್ಯೋಮಕೇಶ್ ಅತುಲ್ ಅಂತ ಸುಳ್ಳು ಹೆಸರು ಹೇಳಿ ಮೆಸ್ಸಿಗೆ (ಊಟ-ವಸತಿಯ ಬಾಡಿಗೆ ಮನೆ) ಸೇರುತ್ತಾನಲ್ಲ, ಅದು ತಪ್ಪಿದರೆ ಕೊನೆಯ ಗುಟ್ಟಿಗೆ ರುಚಿಯೇ ಇಲ್ಲ.