ಓದುಗರ ಸ್ಪಂದನ: ಆಮವಾತವಿದೆಯೆಂದು ಕೆಲಸ ಬಿಡಬೇಕೆ?

ಕಳೆದ ಸಂಚಿಕೆಯ ಸಮಸ್ಯೆ: ಬೆಂಗಳೂರಿನ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿರುವ 36 ವರ್ಷದ ಓದುಗರಿಗೆ ಎರಡು ವರ್ಷಗಳಿಂದ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಆಮವಾತ ಇದೆ. ಬೆಳಿಗ್ಗೆ ಬೆರಳುಗಳು ಮಡಚುವುದಿಲ್ಲ. ತಡವಾಗಿ ಬರುತ್ತೀರೆಂದು ಕಚೇರಿಯಲ್ಲಿ ಆಕ್ಷೇಪ, ಕೆಲಸ ಬಿಟ್ಟುಬಿಡೆಂದು ಮನೆಯಲ್ಲಿ ಒತ್ತಾಯ.

ಬಸವನಗುಡಿಯಿಂದ ಒಬ್ಬ ಶಿಕ್ಷಕಿ

ಪ್ರಿಯ ಸೋದರಿ, ನಲ್ಲಿ ತಿರುಗಿಸಲಾಗದೆ ಸ್ನಾನದ ಮನೆಯಲ್ಲಿ ನಿಂತು ಅತ್ತೆನೆಂದು ನೀವು ಬರೆದ ಸಾಲನ್ನು ಎರಡು ಸಲ ಓದಿದೆ. ಹನ್ನೊಂದು ವರ್ಷಗಳ ಹಿಂದೆ ನನ್ನ ಸ್ಥಿತಿಯೂ ಅದೇ ಆಗಿತ್ತು. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಸೀಮೆಸುಣ್ಣ ಹಿಡಿದ ಬೆರಳು ಮೊದಲ ಪೀರಿಯಡ್ಡಿನಲ್ಲಿ ನನ್ನ ಮಾತು ಕೇಳುತ್ತಿರಲಿಲ್ಲ, ಮೂರನೆಯದರ ಹೊತ್ತಿಗೆ ಕೇಳುತ್ತಿತ್ತು. ಬೆಳಿಗ್ಗೆ ಕಂಡವರು ಕನಿಕರಪಟ್ಟರೆ, ಮಧ್ಯಾಹ್ನ ಕಂಡವರು ‘ಚೆನ್ನಾಗಿಯೇ ಇದ್ದೀರಲ್ಲ’ ಎಂದು ಅನುಮಾನಪಟ್ಟರು. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬಿದ್ದು ಉರಿಯೂತ ಉಂಟುಮಾಡುವ ಕಾಯಿಲೆಯಿದು; ರಾತ್ರಿಯೆಲ್ಲ ಅಲುಗಾಡದಿದ್ದ ಕೀಲುಗಳು ಬೆಳಿಗ್ಗೆ ಸೆಟೆದುಕೊಂಡು, ಒಂದು ಗಂಟೆಯೋ ಅದಕ್ಕೂ ಹೆಚ್ಚೋ ಕಳೆದ ಮೇಲೆ ಸಡಿಲಗೊಳ್ಳುತ್ತವೆ. ಆದ್ದರಿಂದ ನೀವು ಮೇಲಧಿಕಾರಿಗಳ ಬಳಿ ಮೊದಲು ಮಾತಾಡಬೇಕಾದದ್ದು ಕೆಲಸದ ವೇಳೆಯ ಬಗ್ಗೆ. ನಾನು ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡದ್ದು ಇಷ್ಟೇ: ಬೆಳಗಿನ ಎರಡು ತರಗತಿಗಳ ಬದಲು ಯಾರಿಗೂ ಬೇಡವಾದ ಸಂಜೆಯ ಎರಡನ್ನು ನನಗೆ ಕೊಡಿ. ಅವರು ಕೊಟ್ಟರು.

ನಾನು ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ಇನ್ನೊಂದು ಮಾತು ಬರೆಯುತ್ತಿದ್ದೇನೆ. ಮೊದಲ ಎಂಟು ತಿಂಗಳು ನಾನು ಬರೀ ನೋವಿನ ಮಾತ್ರೆಗಳಲ್ಲೇ ದಿನ ದೂಡಿದೆ. ಅವು ಆ ದಿನದ ನೋವನ್ನು ತಗ್ಗಿಸುತ್ತವೆಯೇ ಹೊರತು ಕೀಲು ಸವೆಯುವುದನ್ನು ತಡೆಯುವುದಿಲ್ಲ. ನನ್ನ ಬಲಗೈಯ ಎರಡು ಬೆರಳುಗಳ ಡೊಂಕು ಆ ಎಂಟು ತಿಂಗಳಲ್ಲಿ ಆದದ್ದು. ಆಮೇಲೆ ಕೀಲುವಾತದ ತಜ್ಞರು ಕಾಯಿಲೆಯನ್ನೇ ಹತೋಟಿಗೆ ತರುವ ಮೆಥೊಟ್ರೆಕ್ಸೇಟ್ ಎಂಬ ಔಷಧಿ ಕೊಟ್ಟರು. ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು, ಮರೆತು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಗುಣ ಕಾಣಲು 6ರಿಂದ 12 ವಾರ ಬೇಕು, ಆಗಾಗ ರಕ್ತಪರೀಕ್ಷೆಯೂ ಆಗಬೇಕು. ನೀವು ಯಾವ ಔಷಧಿಯಲ್ಲಿದ್ದೀರೆಂದು ಪತ್ರದಲ್ಲಿ ಬರೆದಿಲ್ಲ. ಎರಡು ವರ್ಷಗಳ ಬಳಿಕವೂ ಬೆಳಗಿನ ಬಿಗಿತ ಇಷ್ಟು ತೀವ್ರವಾಗಿದ್ದರೆ, ನಿಮ್ಮ ಚಿಕಿತ್ಸೆಯನ್ನು ತಜ್ಞರು ಮತ್ತೊಮ್ಮೆ ಪರಿಶೀಲಿಸಲೇಬೇಕು. ಕೆಲಸ ಬಿಡುವ ನಿರ್ಧಾರ ಅಲ್ಲಿಯವರೆಗೆ ಬೇಡ.

ದಣಿವಿನ ಬಗ್ಗೆ ಯಾರೂ ಕೇಳುವುದಿಲ್ಲ, ನೀವೂ ಬರೆದಿಲ್ಲ. ನೋವಿಗಿಂತ ಹೆಚ್ಚಾಗಿ ನನ್ನನ್ನು ಕೆಡವಿದ್ದು ಅದೇ. ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ಮುಕ್ಕಾಲು ಗಂಟೆ ನಿಂತು ಬಂದವಳಿಗೆ ಪಾಠ ಆರಂಭವಾಗುವ ಮೊದಲೇ ದಿನ ಮುಗಿದಿರುತ್ತಿತ್ತು. ನಿಮ್ಮ ಲೆಕ್ಕಪತ್ರದ ಕೆಲಸವನ್ನು ವಾರಕ್ಕೆ ಎರಡು ದಿನ ಮನೆಯಿಂದ ಮಾಡಲು ಸಾಧ್ಯವಾದರೆ, ಉಳಿಯುವುದು ಬರೀ ಪ್ರಯಾಣದ ಸಮಯವಲ್ಲ, ಕೈಗಳ ಶಕ್ತಿ.

ಬೊಮ್ಮನಹಳ್ಳಿಯಿಂದ ಒಬ್ಬ ಓದುಗರು

ನಾನು ಸಿದ್ಧ ಉಡುಪು ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಹದಿನಾಲ್ಕು ವರ್ಷ ಕುಳಿತವಳು. ಗಂಟೆಗೆ ಇಷ್ಟು ಪೀಸ್ ಎಂಬ ಲೆಕ್ಕದಲ್ಲಿ ಕೈ ನಿಂತರೆ ಯಂತ್ರಗಳ ಇಡೀ ಸಾಲೇ ನಿಲ್ಲುತ್ತದೆ. ಮಣಿಕಟ್ಟು ಊದಿಕೊಂಡಾಗ ಬೈಗುಳಕ್ಕೆ ಹೆದರಿ ರಾಜೀನಾಮೆ ಬರೆದುಕೊಟ್ಟೆ. ಆಮೇಲೆ ತಿಳಿಯಿತು: ವಂತಿಗೆ ಕಟ್ಟಿದ ದಿನಗಳು ಸಾಕಷ್ಟಿದ್ದರೆ ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮಾ ಯೋಜನೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70ರಷ್ಟು ಅನಾರೋಗ್ಯ ಭತ್ಯೆ ಸಿಗುತ್ತಿತ್ತು. ಅಷ್ಟು ದಿನಗಳಲ್ಲಿ ಔಷಧಿ ಕೆಲಸ ಮಾಡಲು ಆರಂಭಿಸಿ, ನಾನು ಯಂತ್ರಕ್ಕೆ ಮರಳಬಹುದಿತ್ತೇನೋ. ಕೆಲಸ ಬಿಟ್ಟ ಕೆಲವು ತಿಂಗಳಿಗೆ ಚಿಕಿತ್ಸೆಯ ಅರ್ಹತೆಯೂ ಮುಗಿಯಿತು. ನಿಮ್ಮ ಸಂಬಳ ಇ.ಎಸ್.ಐ. ಮಿತಿಯೊಳಗಿದೆಯೇ, ಇಲ್ಲದಿದ್ದರೆ ಸಂಸ್ಥೆಯ ಗುಂಪು ವಿಮೆ ಇದೆಯೇ ಎಂದು ಈ ವಾರವೇ ವಿಚಾರಿಸಿ.

ಪೀಣ್ಯದಿಂದ ಒಬ್ಬ ಓದುಗರು

ನನ್ನದು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್, 26ನೆಯ ವಯಸ್ಸಿಗೆ ಬಂದ ಬೆನ್ನುಮೂಳೆಯ ಕೀಲುಗಳ ವಾತ. ಇದರಲ್ಲಿ ವಿಶ್ರಾಂತಿಯಿಂದ ನೋವು ಹೆಚ್ಚುತ್ತದೆ, ಓಡಾಟದಿಂದ ಕಡಿಮೆಯಾಗುತ್ತದೆ. ಕೆಲಸ ಬಿಡಲೇಬಾರದೆಂದು ನಾನು ಹೇಳಲಾರೆ. ಲೇತ್ ಯಂತ್ರದ ಮುಂದೆ ಬಾಗಿ ನಿಲ್ಲುವುದು ನನ್ನಿಂದಾಗಲಿಲ್ಲ. ಆದರೆ ಅದೇ ಕಾರ್ಖಾನೆಯ ಗುಣಮಟ್ಟ ಪರಿಶೀಲನೆಗೆ ನನ್ನನ್ನು ಬದಲಾಯಿಸಲು ಮೇಲಿನವರನ್ನು ಒಪ್ಪಿಸಿದ ಮೇಲೆ ಯಂತ್ರ ಬಿಟ್ಟೆ. ಇಂದಿಗೂ ಅಲ್ಲೇ ಇದ್ದೇನೆ.

ಜಯನಗರದಿಂದ ನಿವೃತ್ತ ಸಿಬ್ಬಂದಿ ಅಧಿಕಾರಿ

ಮೇಜಿನ ಇನ್ನೊಂದು ಬದಿಯಲ್ಲಿ ಕುಳಿತಿದ್ದವನಾಗಿ ಬರೆಯುತ್ತಿದ್ದೇನೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆಯ 20ನೆಯ ಕಲಮು, ಸೇವೆಯಲ್ಲಿರುವಾಗ ಅಂಗವೈಕಲ್ಯ ಹೊಂದಿದ ನೌಕರರನ್ನು ಸರ್ಕಾರಿ ಸಂಸ್ಥೆಗಳು ತೆಗೆದುಹಾಕುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ ಎನ್ನುತ್ತದೆ. ಖಾಸಗಿ ಸಂಸ್ಥೆಗೆ ಆ ರಕ್ಷಣೆ ಅದೇ ಬಲದಲ್ಲಿ ಅನ್ವಯಿಸುವುದಿಲ್ಲ, ಆದರೆ ಅದೇ ಕಾಯ್ದೆಯಂತೆ ಸಮಾನ ಅವಕಾಶದ ನೀತಿಯೊಂದನ್ನು ಅದು ಪ್ರಕಟಿಸಬೇಕು. ಅದರ ಪ್ರತಿಯನ್ನು ಕೇಳಿ. ಸೌಲಭ್ಯಗಳಿಗೆ ಬೇಕಾದ ಶೇ. 40ರ ಅಂಗವೈಕಲ್ಯ ಪ್ರಮಾಣಪತ್ರ ಆಮವಾತವೆಂಬ ಹೆಸರಿಗೆ ಸಿಗುವುದಲ್ಲ, ಕೈಕಾಲುಗಳ ಚಲನೆಗೆ ಆಗಿರುವ ಕೊರತೆಯನ್ನು ಅಳೆದು ಕೊಡುವುದು.

ನನ್ನ ಸೇವಾವಧಿಯಲ್ಲಿ ಇಂಥ ಎಷ್ಟೋ ಮನವಿಗಳು ಬಾಯಿಮಾತಿನಲ್ಲೇ ಬಂದು, ಬಾಯಿಮಾತಿನಲ್ಲೇ ಕರಗಿಹೋದವು. ನೀವು ಬರೆದು ಕೊಡಿ, ತಲುಪಿದ್ದಕ್ಕೆ ಸಹಿ ಪಡೆಯಿರಿ. ‘ಅನಾರೋಗ್ಯವಿದೆ, ದಯವಿಟ್ಟು ಸಹಕರಿಸಿ’ ಎಂದರೆ ಯಾವ ಅಧಿಕಾರಿಗೂ ಏನು ಮಾಡಬೇಕೆಂದು ತೋಚುವುದಿಲ್ಲ. ‘ಬೆಳಿಗ್ಗೆ 9ರ ಬದಲು 11ಕ್ಕೆ ಬಂದು ಸಂಜೆ 8ರವರೆಗೆ ಕೆಲಸ ಮಾಡುತ್ತೇನೆ, ಮೂರು ತಿಂಗಳ ಬಳಿಕ ಇದನ್ನು ಪರಿಶೀಲಿಸಿ, ವೈದ್ಯರ ಪತ್ರ ಲಗತ್ತಿಸಿದೆ’ ಎಂದು ಬರೆಯಿರಿ.